ತಾಜಮಹಲಿನ ಹೊರಗೆ ಕುಚ್ಚಲಕ್ಕಿ ಅನ್ನ

ತಾಜಮಹಲಿಗೆ ನಾನು ಹಲವು ಸಲ ಹೋಗಿದ್ದೇನೆ ಎಂದರೆ ಸುಳ್ಳಾಗುವುದಿಲ್ಲ. ಅದನ್ನು ನೋಡಿಯೇ ಇಲ್ಲ ಎಂದರೂ ಸುಳ್ಳಲ್ಲ. ಬಸ್ಸು ನಿಲ್ಲಿಸುವ ಜಾಗದಲ್ಲಿ ಗ್ಯಾಸಿನ ಒಲೆ ಹಚ್ಚಿ, ಐವತ್ತು ಜನರಿಗೆ ಅಡಿಗೆ ಮಾಡಿ, ಪಾತ್ರೆ ತೊಳೆದು, ಅದೇ ಬಸ್ಸು ಹತ್ತಿ ಬಂದಿದ್ದೇನೆ. ಆ ಕಟ್ಟಡ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಪ್ರಯಾಣಿಕರು ನಡೆದುಹೋದ ದಿಕ್ಕನ್ನು ಸೌಟಿನಲ್ಲಿ ತೋರಿಸಬಲ್ಲೆ.

ನಾನು ಪ್ರವಾಸದ ಬಸ್ಸಿನ ಅಡಿಗೆಯವ. ಬಸ್ಸು ಹೊರಡುವುದು ಪುತ್ತೂರಿನ ದರ್ಬೆಯಿಂದ. ನಮ್ಮ ಪುತ್ತೂರು, ಸುಳ್ಯ, ಕಡಬದ ಜನ ಲೋಕ ನೋಡಲು ಹೊರಟರೆ ಬಟ್ಟೆಯ ಚೀಲಕ್ಕಿಂತ ಮೊದಲು ಕುಚ್ಚಲಕ್ಕಿಯ ಮೂಟೆ ಬಸ್ಸು ಹತ್ತಬೇಕು. ದೆಹಲಿಯ ಕೆಂಪು ಕೋಟೆಯ ಎದುರು ನಿಂತರೂ ಮಧ್ಯಾಹ್ನಕ್ಕೆ ಅವರಿಗೆ ಆ ದಪ್ಪ ಅನ್ನವೇ ಆಗಬೇಕು, ಬದಿಗೆ ಒಂದು ತುಂಡು ಉಪ್ಪಿನಕಾಯಿ. ಈ ಅಕ್ಕಿ ಬೇಯುವುದಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಒಂದು ಸ್ಮಾರಕವನ್ನು ನೋಡಿ ಬರುವುದಕ್ಕೂ ಸರಿಯಾಗಿ ಅಷ್ಟೇ ಹೊತ್ತು. ಬೇಗ ಬೇಯುವ ಬೆಳ್ತಿಗೆ ಅಕ್ಕಿ ಉಣ್ಣುವ ಊರಿನಲ್ಲಿ ಹುಟ್ಟಿದ್ದರೆ ನಾನು ಇಷ್ಟರಲ್ಲಿ ದೊಡ್ಡ ಪಂಡಿತನಾಗುತ್ತಿದ್ದೆ.

ಓದಿದ್ದು ಏಳನೆಯ ತರಗತಿ. ಆದರೂ ಒಲೆಯ ಮುಂದೆ ಕುಳಿತವನಿಗೆ ಯೋಚನೆಗೆ ಬರವಿಲ್ಲ. ಕೋನಾರ್ಕದ ಕಲ್ಲಿನ ಚಕ್ರ, ಈಜಿಪ್ಟಿನ ಪಿರಮಿಡ್ಡು, ಪ್ಯಾರಿಸಿನ ಕಬ್ಬಿಣದ ಗೋಪುರ, ಇವನ್ನೆಲ್ಲ ಕಟ್ಟಿದ್ದು ಯಾರು ಎಂದು ಪುಸ್ತಕಗಳಲ್ಲಿ ಇದೆಯಂತೆ. ಕಟ್ಟಿದವರಿಗೆ ಮಧ್ಯಾಹ್ನ ಅನ್ನ ಬೇಯಿಸಿದ್ದು ಯಾರು? ಅವನಿಗಾದರೂ ಒಳಗೆ ಹೋಗಿ ನೋಡಲು ಪುರುಸೊತ್ತು ಸಿಕ್ಕಿತೋ? ದರ್ಬೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಹಮೀದ್ ದುಬಾಯಿಯಲ್ಲಿ ಬಹಳ ವರ್ಷ ಇದ್ದವ. ಲೋಕದಲ್ಲೇ ಎತ್ತರದ ಆ ಕಟ್ಟಡ ಅವನು ತೆಗೆಸಿಕೊಂಡ ಪ್ರತಿ ಫೋಟೋದಲ್ಲೂ ಹಿಂದೆ ನಿಂತಿದೆ. ಮೇಲೆ ಹೋಗಿದ್ದೀಯಾ ಎಂದು ಕೇಳಿದೆ. ಕುತ್ತಿಗೆ ಮೇಲೆತ್ತಿ ನೋಡಿದ್ದೇ ಸಾಕಾಯಿತು ಎಂದ.

ಹಮೀದ್ ಸತ್ಯವಂತ. ನಾನು ಅಲ್ಲ. ಕಡಬದಲ್ಲಿರುವ ನನ್ನ ಅಕ್ಕನಿಗೆ, ಪ್ರತಿ ಪ್ರವಾಸ ಮುಗಿಸಿ ಬಂದಾಗಲೂ, ನೋಡಿದ್ದನ್ನೆಲ್ಲ ವರ್ಣಿಸುವುದು ನನ್ನ ಅಭ್ಯಾಸ. ಊಟಕ್ಕೆ ಕುಳಿತ ಪ್ರಯಾಣಿಕರ ಬಾಯಿಂದ ಬಿದ್ದ ಮಾತುಗಳನ್ನು ಹೆಕ್ಕಿ, ಮೇಲಿಂದ ಸ್ವಲ್ಪ ಒಗ್ಗರಣೆ ಹಾಕಿ ಬಡಿಸುತ್ತಿದ್ದೆ. ತಾಜಮಹಲಿನ ಅಮೃತಶಿಲೆ ಕೈಗೆ ಮಂಜಿನ ಹಾಗೆ ತಾಗುತ್ತದೆ ಎಂದೆ. ವಿಜಯಪುರದ ಗೋಳಗುಮ್ಮಟದೊಳಗೆ ಸಮಾಧಿಯ ಪಕ್ಕ ನಿಂತು ನಿನ್ನ ಹೆಸರು ಕೂಗಿದೆ, ಏಳು ಸಲ ಕೇಳಿತು ಎಂದೆ. ಅಕ್ಕ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಅವಳ ಸ್ವಸಹಾಯ ಸಂಘದ ಹೆಂಗಸರು ಉತ್ತರ ಭಾರತಕ್ಕೆ ಹೊರಟಾಗ, ನನ್ನ ತಮ್ಮ ಎಲ್ಲ ನೋಡಿ ಹೇಳಿದ್ದಾನೆ, ನನಗೆ ಅಷ್ಟೇ ಸಾಕು ಎಂದು ಮನೆಯಲ್ಲೇ ಉಳಿದಳು. ಅಂದಿನಿಂದ ನನ್ನ ಹೊಟ್ಟೆಯೊಳಗೆ ಒಂದು ಕಲ್ಲು ಕೂತಿತು. ನನ್ನ ಸುಳ್ಳಿನಿಂದಾಗಿ ಅಕ್ಕ ಲೋಕವನ್ನೇ ನೋಡದೆ ಹೋಗುತ್ತಾಳಲ್ಲ!

ಹೀಗಿರುವಾಗ ಕಳೆದ ಚಳಿಗಾಲದಲ್ಲಿ, ವಿಜಯಪುರ, ಬಾದಾಮಿ ಕಡೆಗೆ ಹೊರಟ ಬಸ್ಸಿನಲ್ಲಿ ಒಂದು ಸೀಟು ಖಾಲಿ ಬಿತ್ತು. ನಿಮ್ಮವರು ಯಾರಾದರೂ ಇದ್ದರೆ ಕರೆದುಕೊಂಡು ಬನ್ನಿ ಎಂದರು ಬಸ್ಸಿನ ಯಜಮಾನರು. ಯೋಚಿಸುವ ಮೊದಲೇ ಅಕ್ಕನ ಹೆಸರು ಬಾಯಿಂದ ಬಂದುಬಿಟ್ಟಿತು. ಹೆದರಿಕೆ ಆಮೇಲೆ ಬಂತು. ಇವಳನ್ನು ಕರೆದುಕೊಂಡು ಹೋದರೆ ನನ್ನ ಬಣ್ಣ ಬಯಲಾಗುತ್ತದೆ. ಬಿಟ್ಟು ಹೋದರೆ ಪಾಪ ಇಮ್ಮಡಿಯಾಗುತ್ತದೆ. ಅಕ್ಕನೂ ಮೊದಲು ಬೇಡ ಬೇಡ ಎಂದಳು. ನಾನು ಬಿಡಲಿಲ್ಲ. ದಾರಿಯುದ್ದಕ್ಕೂ ಅವಳು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಳು. ಭಕ್ತಿ ಎಂದುಕೊಂಡೆ.

ಬೆಳಿಗ್ಗೆ ವಿಜಯಪುರದಲ್ಲಿ ಎಲ್ಲರಿಗೂ ಸಜ್ಜಿಗೆ ಅವಲಕ್ಕಿ ಕೊಟ್ಟಾಯಿತು. ಅಕ್ಕಿ ತೊಳೆದು ಒಲೆಗೆ ಇಡಬೇಕು ಎನ್ನುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು.

"ಅಕ್ಕಿಯನ್ನು ಬಸ್ಸಿನ ಕ್ಲೀನರ್ ನೋಡಿಕೊಳ್ತಾನೆ. ನೀನು ಬಾ. ನನ್ನ ಹೆಸರು ಕೂಗಿದ ಜಾಗ ತೋರಿಸು."

ಗೋಳಗುಮ್ಮಟವನ್ನು ಆ ದಿನ ಮೊದಲ ಸಲ ಹತ್ತಿರದಿಂದ ನೋಡಿದೆ. ಬೆಟ್ಟವನ್ನು ಬಟ್ಟಲಿನಿಂದ ಮುಚ್ಚಿಟ್ಟ ಹಾಗಿತ್ತು. ಒಳಗೆ ಹೋಗಿ, ಹೇಳಿದ ಸುಳ್ಳಿಗೆ ತಕ್ಕ ಹಾಗೆ ಸಮಾಧಿಯ ಪಕ್ಕದಲ್ಲೇ ನಿಂತು, ತಲೆ ಮೇಲೆತ್ತಿ ಅಕ್ಕನ ಹೆಸರು ಕೂಗಿದೆ. ಗುಂಯ್ ಎಂದು ಏನೋ ಕಲಸಿದ ಹಾಗಾಯಿತು ಅಷ್ಟೆ. ಬಾಗಿಲಲ್ಲಿದ್ದ ಕಾವಲುಗಾರ ನಕ್ಕ.

"ಇಲ್ಲಿ ಕೂಗಿದ್ರ ಏನೂ ಆಗಂಗಿಲ್ರಿ. ಮ್ಯಾಲ ಹೋಗ್ರಿ, ಗ್ಯಾಲರಿಗೆ."

ಅಕ್ಕ ನನ್ನ ಮುಖ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಮೂಲೆಯ ಗೋಪುರದ ಮೆಟ್ಟಿಲು ಹತ್ತತೊಡಗಿದಳು. ಕಿರಿದಾದ, ಎತ್ತರದ ಮೆಟ್ಟಿಲು. ಅವಳು ಆಡಿನ ಹಾಗೆ ಹತ್ತಿದಳು. ನಾನು ಪ್ರತಿ ತಿರುವಿನಲ್ಲೂ ಕಿಟಕಿಯ ಅಂದ ನೋಡುವವನಂತೆ ನಿಂತು ಉಸಿರು ಎಳೆದುಕೊಂಡೆ.

ಮೇಲೆ, ಗುಮ್ಮಟದ ಬುಡದಲ್ಲಿ ಸುತ್ತಲೂ ಓಡುವ ಮೊಗಸಾಲೆ. ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿ ಕೇಕೆ ಹಾಕುತ್ತಿದ್ದರು. ಒಂದು ಚಪ್ಪಾಳೆ ಏಳಾಗಿ ತಲೆಯ ಮೇಲಿಂದ ಉದುರುತ್ತಿತ್ತು. ಅಕ್ಕ ನನ್ನನ್ನು ಎದುರು ಬದಿಗೆ ಕಳಿಸಿ, ಗೋಡೆಗೆ ಕಿವಿ ಇಟ್ಟು ಕೂರು ಎಂದಳು. ಮಕ್ಕಳ ಮೇಷ್ಟ್ರು ಗದರಿಸಿದ್ದರಿಂದ ಒಂದು ಗಳಿಗೆ ಎಲ್ಲ ನಿಶ್ಶಬ್ದವಾಯಿತು. ಆಗ ಗೋಡೆಯೊಳಗಿಂದ, ಕಿವಿಯ ಪಕ್ಕದಲ್ಲೇ ಕೂತಿದ್ದಾಳೋ ಎಂಬಂತೆ, ಅಕ್ಕನ ಪಿಸುಮಾತು ಬಂತು.

"ತಾಜಮಹಲು ಸಹ ನೋಡ್ಲಿಲ್ಲ ಅಲ್ವಾ ಮಾರಾಯ ನೀನು?"

ಪಿಸುಗುಟ್ಟಿ ಉತ್ತರ ಕೊಡಬೇಕೆಂದೇ ಬಾಯಿ ತೆರೆದೆ. ಗಾಬರಿಯಲ್ಲಿ ಸ್ವರ ಜೋರಾಯಿತು. "ಇಲ್ಲ ಅಕ್ಕ" ಎಂದದ್ದೇ ತಡ, ಗುಮ್ಮಟ ಅದನ್ನು ಎತ್ತಿಕೊಂಡು ಇಲ್ಲ ಅಕ್ಕ, ಇಲ್ಲ ಅಕ್ಕ ಎಂದು ಲೋಕಕ್ಕೆಲ್ಲ ಸಾರಿತು. ಮಕ್ಕಳಿಗೆ ಇದು ಬಹಳ ಹಿಡಿಸಿತು. ಅವರೂ ಒಟ್ಟಾಗಿ "ಇಲ್ಲ ಅಕ್ಕ" ಎಂದು ಕೂಗಿದರು. ಇಷ್ಟು ಬಾಯಿಗಳಿಂದ ತಪ್ಪೊಪ್ಪಿಕೊಂಡವ ಗುಮ್ಮಟ ಕಟ್ಟಿಸಿದ ರಾಜನ ಕಾಲದಲ್ಲೂ ಇರಲಿಕ್ಕಿಲ್ಲ. ಎದುರು ಬದಿಯಲ್ಲಿ ಅಕ್ಕ ಗೋಡೆಗೆ ಒರಗಿ ನಗುತ್ತಿದ್ದಳು. ಆ ನಗುವೂ ಸುತ್ತು ಹಾಕಿ ನನ್ನ ಬಳಿಗೆ ಬಂತು.

ಹೊರಗಿನ ಬಿಸಿಲಲ್ಲಿ ಕೂತು, ಹೊಟ್ಟೆಯೊಳಗಿನ ಕಲ್ಲನ್ನು ಅವಳ ಮುಂದಿಟ್ಟೆ. ನನ್ನ ಕತೆ ಕೇಳಿ ನೀನು ಸಂಘದವರ ಜೊತೆ ಹೋಗದೆ ಉಳಿದೆ, ಆ ಪಾಪ ನನ್ನದು ಎಂದೆ.

"ಎಂತ ಪಾಪ? ನಂಗೆ ಬಸ್ಸಲ್ಲಿ ವಾಂತಿ ಬರ್ತದೆ" ಎಂದಳು ಅಕ್ಕ. "ಅವರತ್ರ ಅದನ್ನು ಹೇಳ್ಲಿಕ್ಕೆ ನಾಚಿಕೆ. ನಿನ್ನ ಕತೆ ಉಂಟಲ್ಲ, ಅದನ್ನು ಹೇಳಿ ತಪ್ಪಿಸಿಕೊಂಡೆ."

ಇಷ್ಟು ವರ್ಷ ನಾನು ಅಕ್ಕನಿಗೆ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನ ಮೋಸವನ್ನೇ ಕೊಡೆಯ ಹಾಗೆ ಬಿಡಿಸಿ ಹಿಡಿದುಕೊಂಡು ಓಡಾಡುತ್ತಿದ್ದಳು. ಆಮೇಲೆ ನಾನು ನಿಜವಾಗಿ ನೋಡಿದ್ದನ್ನು ಹೇಳೆಂದಳು. ಆಗ್ರಾದಲ್ಲಿ ಮಂಗ ಹಪ್ಪಳದ ಕಟ್ಟನ್ನೇ ಎತ್ತಿಕೊಂಡು ಹೋದದ್ದು, ಕೋನಾರ್ಕದ ಗಾಳಿಗೆ ಒಲೆ ಆರಿ ಆರಿ ಸಾರು ಕುದಿಯದೇ ಉಳಿದದ್ದು ಹೇಳಿದೆ. ಅಮೃತಶಿಲೆಗಿಂತ ಅವಳಿಗೆ ಮಂಗವೇ ಹೆಚ್ಚು ಹಿಡಿಸಿತು.

ರಾಜರು ಗುಮ್ಮಟವನ್ನು ಎಷ್ಟೇ ಎತ್ತರಕ್ಕೆ ಕಟ್ಟಿರಲಿ, ಪ್ರವಾಸ ಹೋದವರು ಊರಿಗೆ ಬಂದು ಅದಕ್ಕೆ ಇನ್ನೊಂದು ಮಾಳಿಗೆ ಸೇರಿಸುತ್ತಾರೆ. ಕಡಬಕ್ಕೆ ಬಂದ ಮರುದಿನ ಅಕ್ಕನ ಜಗಲಿಯಲ್ಲಿ ಸಂಘದ ಹೆಂಗಸರು ಸೇರಿದ್ದರು. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಇಪ್ಪತ್ತು ಸಲ ಕೇಳುತ್ತದೆ ಎಂದಳು ಅಕ್ಕ. ಅವರಲ್ಲೊಬ್ಬರು ನನ್ನ ಕಡೆ ತಿರುಗಿ, ಹೌದಾ ಎಂದು ಕೇಳಿದರು. ನಾನು ಒಳಗೆ ಹೋಗಿ, ಕಿವಿಯಾರೆ ಕೇಳಿ ಬಂದಿದ್ದ ಏಕೈಕ ಸ್ಮಾರಕ ಅದು. ಸಾಕ್ಷಿ ಹೇಳುವ ಪೂರ್ತಿ ಅಧಿಕಾರ ನನಗಿತ್ತು.

ಇಪ್ಪತ್ತಕ್ಕೆ ಕಡಿಮೆ ಇಲ್ಲ ಎಂದೆ.