ಸಮುದ್ರದ ಮೇಕೆಗಳು

ನಮ್ಮತ್ತೆಯ ಬಲಗಿವಿಯ ಹಾಲೆ ಎರಡಾಗಿ ಸೀಳಿತ್ತು. ಮೇವು ಹಾಕಲು ಬಗ್ಗಿದಾಗ ಒಂದು ಮೇಕೆ ಓಲೆಯನ್ನು ಎಲೆಯೆಂದುಕೊಂಡು ಬಾಯಿ ಹಾಕಿ, ಜಗ್ಗಿ, ನುಂಗಿಯೂ ಬಿಟ್ಟಿತ್ತಂತೆ. ಅತ್ತೆ ಕಿವಿಗೆ ಅರಿಶಿನ ಮೆತ್ತಿಕೊಂಡು ಮೂರು ದಿನ ಹಿಕ್ಕೆ ಕೆದಕಿ ನೋಡಿದರು. ಸಿಗಲಿಲ್ಲ. ಆರು ತಿಂಗಳಾದ ಮೇಲೆ ಆ ಮೇಕೆಯನ್ನು ಕೊಳ್ಳಲು ಬಂದ ಮಾಂಸದಂಗಡಿಯವನಿಗೆ, "ಮೇಕೆ ನಿಂದು, ವಟ್ಟೆ ಒಳ್ಗಿರೋ ಓಲೆ ನಂದು. ಕುಯ್ಯೋ ದಿವ್ಸ ನಾನೇ ಬಂದು ಕುಂತ್ಕತೀನಿ" ಎಂದು ಷರತ್ತು ಹಾಕಿದರು. ಹಾಗೆಯೇ ಹೋಗಿ ಕುಳಿತು ಓಲೆ ತಂದರು. ನಾನು ಮದುವೆಯಾಗಿ ಹೊಸ ಅಗ್ರಹಾರದ ಪಕ್ಕದ ಅವರ ಊರಿಗೆ ಬಂದಾಗ ಅವರ ಎರಡೂ ಓಲೆಗಳು ಎಡಗಿವಿಯಲ್ಲೇ ಇದ್ದವು.

ಅವರದೊಂದು ಕಾನೂನಿತ್ತು. ಮನೆಯ ಪ್ರತಿ ಖರ್ಚಿಗೂ ಒಂದು ಪ್ರಾಣಿ. ಕರೆಂಟ್ ಬಿಲ್ಲಿಗೆ ಕೋಳಿ, ದಿನಸಿಗೆ ಹಸು, ನೆಂಟರ ಮದುವೆಯ ಮುಯ್ಯಿಗೆ ಕುರಿ. "ಖರ್ಚು ಅನ್ನೋದು ಬರೀ ಬಾಯಿ ಕಣವ್ವ. ಅದ್ರ ಇಂದೆ ಮೇಯ್ಕಂಡು ಬರೋಕೆ ನಾಕು ಕಾಲು ಇರ್ಬೇಕು" ಎನ್ನುತ್ತಿದ್ದರು. ಒಂದಕ್ಕೆಂದು ಕಟ್ಟಿದ ಪ್ರಾಣಿಯನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಕರೆಂಟ್ ಬಿಲ್ಲಿನ ಹುಂಜ ಎದುರಿಗೇ ಕೂಗುತ್ತಿದ್ದರೂ ನಮ್ಮ ಮನೆಗೆ ಬಂದ ನೆಂಟರು ಸೊಪ್ಪಿನ ಸಾರು ಉಂಡು ಹೋಗಿದ್ದಾರೆ. ಬಡಿಸಿದವಳು ನಾನೇ, ಮುಖ ಎಲ್ಲಿಟ್ಟುಕೊಳ್ಳಲಿ! ಇದು ಶುದ್ಧ ಜಿಪುಣತನ ಎಂದುಕೊಂಡು ಮೊದಲ ವರ್ಷವೆಲ್ಲ ಒಳಗೊಳಗೇ ಉರಿದುಕೊಂಡೆ. ನನ್ನದು ಮೊದಲೇ ಮೂಗಿನ ತುದಿಯ ಕೋಪ.

ನಾನು ಕೆ.ಆರ್. ನಗರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಗುತ್ತಿಗೆ ಕೆಲಸದವಳು. ಬೆಳಗಿನಿಂದ ಸಂಜೆಯವರೆಗೆ "ಮೇಡಂ, ರಿಪೋರ್ಟು" ಎಂಬ ಕೂಗು. ಒಮ್ಮೆ ಆಸ್ಪತ್ರೆಯವರೆಲ್ಲ ಮುರುಡೇಶ್ವರಕ್ಕೆ ಪ್ರವಾಸ ಹೋದೆವು. ಅಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಕರೆದುಕೊಂಡು ಹೋಗುವ ಸ್ಕೂಬಾ ಡೈವಿಂಗ್ ಇತ್ತು. ಹನಗೋಡಿನಲ್ಲಿ ಹುಟ್ಟಿ ಲಕ್ಷ್ಮಣತೀರ್ಥದಲ್ಲಿ ಈಜು ಬಿದ್ದವಳು ನಾನು, ಸುಮ್ಮನಿರುತ್ತೇನೆಯೇ? ಇಳಿದೇಬಿಟ್ಟೆ. ಹಳದಿ ಮೀನುಗಳ ಹಿಂಡು ಮೂಗಿನ ಮುಂದೆಯೇ ಹಾದುಹೋಯಿತು. ನನ್ನ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅರ್ಧ ಗಂಟೆ ಯಾರೂ ನನ್ನನ್ನು ಕರೆಯಲಿಲ್ಲ. ಮೇಲೆ ಬಂದಾಗ ಅಳುವಷ್ಟು ಖುಷಿಯಾಗಿತ್ತು.

ಮನೆಗೆ ಬಂದ ಮೇಲೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟಾಯ್ತು?" ಐದು ಸಾವಿರ ಕೊಟ್ಟಿದ್ದೆ. ಬಾಯಿಗೆ ಬಂದದ್ದು ಎಂಟುನೂರು. "ಎಂಟ್ನೂರಾ? ಅಂಗಾರೆ ಎರಡು ಹುಂಜ ಸಾಕು ಬುಡು" ಎಂದವರು, ಎರಡು ಹುಂಜಗಳ ಕಾಲಿಗೆ ನೀಲಿ ದಾರ ಕಟ್ಟಿ ನನ್ನ ಸಮುದ್ರದ ಲೆಕ್ಕಕ್ಕೆ ಬಿಟ್ಟರು. ದಿನಾ ಬೆಳಿಗ್ಗೆ ಆ ಹುಂಜಗಳು ಕೂಗಿದಾಗಲೆಲ್ಲ ನನ್ನ ಸುಳ್ಳನ್ನೇ ಸಾರುತ್ತಿವೆ ಅನ್ನಿಸುತ್ತಿತ್ತು.

ನನಗೋ ಹುಚ್ಚು ಹತ್ತಿತ್ತು. ನಾಲ್ಕು ದಿನದ ತರಬೇತಿ ಮುಗಿಸಿದರೆ ಯಾರೂ ಕೈ ಹಿಡಿಯದೆ ಆಳಕ್ಕೆ ಹೋಗಬಹುದು. ಆದರೆ ಅದಕ್ಕೆ ನನ್ನ ಎರಡು ತಿಂಗಳ ಸಂಬಳ ಬೇಕು. ನಮ್ಮವರು ಕೇಳಿ ಬಿದ್ದು ಬಿದ್ದು ನಕ್ಕರು. "ನೀರಲ್ಲಿ ಮುಳ್ಗಿ ಏಳೋಕೆ ಅಷ್ಟು ದುಡ್ಡಾ? ನಮ್ಮ ಬಾವಿಗೆ ಇಳಿ, ಬಿಟ್ಟಿ!" ಎಂದರು. ಆ ಸಿಟ್ಟಿನಲ್ಲೇ ಕೊಟ್ಟಿಗೆಗೆ ಹೋಗಿ ಅತ್ತೆಯ ಮುಂದೆ ಎಲ್ಲ ಕಕ್ಕಿಬಿಟ್ಟೆ, ಎಂಟುನೂರರ ಸುಳ್ಳನ್ನೂ ಸೇರಿಸಿ.

ಅತ್ತೆ ಬೈಯಲಿಲ್ಲ. ಹಾಲು ಕರೆಯುವುದನ್ನು ಮುಗಿಸಿ ಎದ್ದರು. "ಅಂಗಾರೆ ಇದು ಕೋಳಿ ಲೆಕ್ಕ ಅಲ್ಲ, ಮೇಕೆ ಲೆಕ್ಕ" ಎಂದರು. ನಮ್ಮ ಕಡೆ ಮೇಕೆಯನ್ನು ಪಾಲಿಗೆ ಸಾಕಲು ಕೊಡುವ ಪದ್ಧತಿ ಇದೆ. ಮೇಕೆ ಒಡತಿಯದು, ಮೇಯಿಸುವ ಕೆಲಸ ಸಾಕುವವಳದು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಅತ್ತೆ ತಮ್ಮ ಹಿಂಡಿನಿಂದ ಎರಡು ಮೇಕೆ ಬಿಚ್ಚಿ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಸೊಸೆಗೆ ಪಾಲಿಗೆ ಕೊಟ್ಟ ಅತ್ತೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

"ನಿನ್ನ ಪಾಲಿಗೆ ನಾಕು ಮರಿ ಬರೋಕೆ ಎರಡು ವರ್ಸ ಇಡೀತದೆ. ಅಲ್ಲೀಗಂಟ ನಿನ್ನ ಈ ಹುಚ್ಚು ಬದುಕಿದ್ರೆ ಅದು ಆಸೆ. ಇಲ್ದಿದ್ರೆ ಬರೀ ತೀಟೆ" ಎಂದರು.

ಎರಡು ವರ್ಷ! ಆಸ್ಪತ್ರೆಗೆ ಹೋಗುವ ಮೊದಲು ಹಲಸಿನ ಸೊಪ್ಪು ಕಡಿದೆ. ಬಂದ ಮೇಲೆ ಹಿಕ್ಕೆ ಗುಡಿಸಿದೆ. ಬಿಳಿ ಕೋಟಿನಲ್ಲಿ ಮೇಕೆ ವಾಸನೆ ಬರುತ್ತದೆಂದು ಜೊತೆಯವರು ಮೂಗು ಮುಚ್ಚಿಕೊಂಡರು. ಊರಿನ ಹೆಂಗಸರು ಅವುಗಳಿಗೆ ಸಮುದ್ರದ ಮೇಕೆಗಳೆಂದೇ ಹೆಸರಿಟ್ಟು, "ಏನವ್ವ, ಉಪ್ಪುನೀರು ಕುಡ್ಸಿದ್ಯಾ?" ಎಂದು ರೇಗಿಸಿದರು. ಸಾಕಪ್ಪಾ ಸಾಕು ಎನಿಸಿದ ದಿನಗಳೂ ಇದ್ದವು. ಆದರೆ ಪ್ರತಿ ಮರಿ ಹುಟ್ಟಿದಾಗಲೂ ಆ ಹಳದಿ ಮೀನುಗಳು ಕಣ್ಣೆದುರು ಬಂದುಬಿಡುತ್ತಿದ್ದವು.

ನನ್ನ ಪಾಲಿನ ನಾಲ್ಕು ಹೋತಗಳು ಮಾರಾಟಕ್ಕೆ ಬಂದಾಗಲೇ ಗದ್ದೆಯ ಪಂಪಿನ ಮೋಟರು ಸುಟ್ಟುಹೋಯಿತು. ನಾಟಿ ಮುಗಿದು ಎಂಟು ದಿನವಾಗಿತ್ತು, ನಾಲೆಯಲ್ಲಿ ನೀರಿರಲಿಲ್ಲ. ನಮ್ಮವರು ಹೋತಗಳ ಕಡೆ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ, ಪಾಪ. ನನಗೇ ತಡೆಯಲಾಗದೆ, "ಇವನ್ನೇ ಮಾರಿ. ಸಮುದ್ರ ಎಲ್ಲಿಗೆ ಓಡಿಹೋಗುತ್ತೆ?" ಎಂದೆ.

ಅತ್ತೆಗೆ ಅಂಥ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಮುಚ್ಚೆ ಬಾಯಿ! ಇವತ್ತು ಮೋಟ್ರು, ನಾಳೆ ಮನೆ ಎಂಚು, ನಾಡಿದ್ದು ಯಾರ್ದೋ ನಾಮಕರಣ. ಎಂಗ್ಸಿನ ಆಸೆ ಸಾಲಲ್ಲಿ ಕಡೇಲಿ ನಿಂತ್ರೆ ಅದ್ರ ಸರದಿ ಬರೋದೇ ಇಲ್ಲ ಕಣೆ. ನಂದು ಬಂತಾ?" ಎಂದರು. ಆಮೇಲೆ ಮಗನ ಕಡೆ ತಿರುಗಿ, "ಲೇ, ನಾಳೆ ನನ್ನ ಮರಿಗಳ್ನ ಇಡ್ಕಂಡೋಗ್ಲಾ. ಮೋಟ್ರು ತತ್ತಾ" ಎಂದರು. ಅವು ಅವರ ಪಾಲಿಗೆ ಬಂದಿದ್ದ ಮರಿಗಳು. ಅತ್ತೆಗೆ ಏನು ಆಸೆಯಿತ್ತೆಂದು ಆ ದಿನ ಕೇಳಬೇಕಿತ್ತು. ಕೇಳಲಿಲ್ಲ. ಅಳುತ್ತಾ ನಿಂತಿದ್ದೆ.

ತರಬೇತಿಗೆ ಹೊರಟಾಗ ಅತ್ತೆಯೂ ಚೀಲ ಹಿಡಿದು ನಿಂತಿದ್ದರು. "ನಾಕು ಓತ ಎಲ್ಲೋಯ್ತವೆ ಅಂತ ನೋಡ್ಬೇಕು." ಮುರುಡೇಶ್ವರದಲ್ಲಿ ಇಳಿದವರೇ ಕಲಿಸುವ ಯುವಕನ ಕೈ ಹಿಡಿದು ಸೆರಗಿನೊಳಗೆ ಎಳೆದುಕೊಂಡರು. ಹುಡುಗ ಬೆವೆತುಹೋದ. ದನದ ಜಾತ್ರೆಯಲ್ಲಿ ಬಟ್ಟೆಯ ಮರೆಯಲ್ಲಿ ಬೆರಳು ಒತ್ತಿ ರೇಟು ಕುದುರಿಸುತ್ತಾರಲ್ಲ, ಅತ್ತೆ ಅದೇ ವ್ಯಾಪಾರ ಶುರುಮಾಡಿದ್ದರು! ನಾನು ನಾಚಿಕೆಯಿಂದ ಸತ್ತೆ. ವಿಷಯ ತಿಳಿದ ಮೇಲೆ ಆ ಹುಡುಗ ನಗುತ್ತಾ, "ಅಮ್ಮ, ಫೀಸು ನನ್ನ ಕೈಯಲ್ಲಿಲ್ಲ. ಆದರೆ ನೀವು ದೋಣಿಯಲ್ಲಿ ಸುಮ್ಮನೆ ಬನ್ನಿ, ದುಡ್ಡು ಬೇಡ" ಎಂದ. ಅತ್ತೆ ಗೆದ್ದವರಂತೆ ನನ್ನನ್ನು ನೋಡಿದರು.

ದೋಣಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡರು. ಆದರೂ ಅಂಚು ಬಿಟ್ಟು ಕದಲಲಿಲ್ಲ. ನಾನು ಮೇಲೆ ಬಂದಾಗ ಹುಡುಗ ನನ್ನ ಸಿಲಿಂಡರಿನ ಮುಳ್ಳು ನೋಡಿ, "ಇನ್ನೂ ಕಾಲು ಭಾಗ ಗಾಳಿ ಇದೆ, ಚೆನ್ನಾಗಿ ಉಳಿಸಿದ್ದೀರಿ" ಎಂದು ಹೊಗಳಿದ. ಅತ್ತೆಗೆ ತಡೆಯಲಾಗಲಿಲ್ಲ. "ಉಳ್ಸಿ ಯಾರ್ಗೆ ಕೊಟ್ಟೀಯೆ? ಪೂರ್ತಿ ದುಡ್ಡು ಕೊಟ್ಟಿಲ್ವಾ? ಇಳಿ ಇಳಿ, ಮುಗಿಸ್ಕಂಡು ಬಾ!" ಎಂದು ಕೂಗಿದರು. ಅಷ್ಟು ಗಾಳಿ ಉಳಿಸಿಕೊಂಡೇ ಮೇಲೆ ಬರಬೇಕೆಂದು ಅವರಿಗೆ ಒಪ್ಪಿಸುವಷ್ಟರಲ್ಲಿ ದಡ ಬಂದಿತ್ತು. ದೋಣಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಹೇಳಿದರು. "ನೀರಿಂದ ಎದ್ದಾಗ ನಿನ್ ಮಕ ನೋಡ್ದೆ. ಮದ್ವೆ ದಿವ್ಸವೂ ಅಂಗಿರ್ಲಿಲ್ಲ. ನಾಕು ಓತಕ್ಕೆ ಮೋಸ ಇಲ್ಲ ಬುಡು."

ಆಮೇಲೆ ವರ್ಷಕ್ಕೊಮ್ಮೆ ಹೋಗತೊಡಗಿದೆ. ಪಾಲಿನ ಕರಾರು ಹಾಗೇ ಮುಂದುವರಿಯಿತು. ಹೋದ ವರ್ಷ ಅತ್ತೆಗೆ ಕಾಲು ಊದಿಕೊಂಡಿತು. ಅವರ ರಕ್ತ ಪರೀಕ್ಷೆ ಮಾಡಿದವಳು ನಾನೇ, ಕಿಡ್ನಿಯ ವಿಷಯ ಮೊದಲು ತಿಳಿದದ್ದೂ ನನಗೇ. ಎಷ್ಟು ಖರ್ಚು ಮಾಡಿದರೂ ಉಳಿಯುವ ಹಂತವಾಗಿರಲಿಲ್ಲ. ಅತ್ತೆ ನಕ್ಕುಬಿಟ್ಟರು. "ನನ್ನ ಕಾಯ್ಲೆಗೆ ಅಂತ ಒಂದ್ ಪ್ರಾಣೀನೂ ಕಟ್ನಿಲ್ವಲ್ಲ! ಸಮುದ್ರದ್ದ ಮುಟ್ಟಿದ್ರೆ ನೋಡು ಮತ್ತೆ" ಎಂದರು. ಎರಡು ತಿಂಗಳಿಗೆ ಹೋದರು.

ಅವರ ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮೇಕೆ ಎರಡು ಮರಿ ಹಾಕಿತು. ಪಾಲಿನಲ್ಲಿ ಒಡತಿ ಮೊದಲು ಆರಿಸಿಕೊಳ್ಳಬೇಕು, ಅದು ನಿಯಮ. ಇಷ್ಟು ವರ್ಷವೂ ಅತ್ತೆಯೇ ಮೊದಲು ಆರಿಸಿದ್ದರು. ಪ್ರತಿ ಸಲವೂ ಬಡಕಲು ಮರಿಯನ್ನೇ ಎತ್ತಿಕೊಂಡು ಹೋಗುತ್ತಿದ್ದರು. ಅತ್ತೆಗೆ ಮರಿ ಆರಿಸಲು ಬರುವುದಿಲ್ಲವೆಂದು ನಾನು ಒಳಗೊಳಗೇ ನಗುತ್ತಿದ್ದೆ. ನಲವತ್ತು ವರ್ಷ ಮೇಕೆ ಸಾಕಿದವರಿಗೆ! ಎರಡು ಮರಿಗಳ ಮುಂದೆ ಒಬ್ಬಳೇ ನಿಂತಾಗ ನನ್ನ ದಡ್ಡತನ ನನಗೆ ತಿಳಿಯಿತು. ಕೊಟ್ಟಿಗೆಯಲ್ಲೇ ಕುಳಿತು ಅತ್ತುಬಿಟ್ಟೆ.

"ಇನ್ನೇನು ಪಾಲು, ಎರಡೂ ನಿಂದೇ ಅಲ್ವಾ?" ಎಂದರು ನಮ್ಮವರು. ಅಲ್ಲ ಎಂದೆ. ಗಟ್ಟಿ ಮರಿಯನ್ನು ಎತ್ತಿ ಅತ್ತೆಯ ಪಾಲಿಗೆ ಬೇರೆ ಕಟ್ಟಿದೆ. ಬಡಕಲು ನನ್ನದು, ಅದನ್ನು ಮೇಯಿಸಿ ದಪ್ಪ ಮಾಡಿಯೇ ಈ ಸಲ ಸಮುದ್ರಕ್ಕೆ ಇಳಿಯಬೇಕು.