ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲೊಂದು ಮುಳ್ಳು

ನಮ್ಮೂರಲ್ಲಿ ಕ್ಯಾಮೆರಾ ಕಂಡರೆ ಸಾಕು, ಜನ ಅಂಗಿಯ ಗುಂಡಿ ಹಾಕಿಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅಲ್ಲಿಯವರೆಗೆ ಕಿಸಿಕಿಸಿ ನಗುತ್ತಿದ್ದವರೂ ಗಂಭೀರರಾಗಿಬಿಡುತ್ತಾರೆ. ನನಗೆ ಬೇಕಾದ್ದು ಗುಂಡಿ ಹಾಕಿಕೊಳ್ಳುವ ಮೊದಲಿನ ಮುಖ. ಹಾಗಾಗಿ ಭಾನುವಾರ ಬಂತೆಂದರೆ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಂಬದ ಮರೆಗೆ ನಿಂತುಬಿಡುತ್ತೇನೆ. ಹೀಗೆ ನಿಲ್ಲಿ, ಹಾಗೆ ನೋಡಿ ಎಂದು ಯಾರಿಗೂ ಹೇಳುವುದಿಲ್ಲ. ಅದು ನನ್ನ ಹಟ.

ಅವತ್ತು ಬಾಣಾವರದ ಬಸ್ಸಿಗೆ ಕಾಯುತ್ತಿದ್ದ ವಯಸ್ಸಾದ ಗಂಡ ಹೆಂಡತಿ ಕಣ್ಣಿಗೆ ಬಿದ್ದರು. ಆಕೆಯ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು ಯಜಮಾನರು ಪಿನ್ನಿನಿಂದ ಮುಳ್ಳು ತೆಗೆಯುತ್ತಿದ್ದರು. ಆಕೆ ಗಂಡನ ನೆತ್ತಿಯನ್ನೇ ನೋಡುತ್ತಾ ಕೂತಿದ್ದರು. ಕ್ಲಿಕ್ಕಿಸಿದೆ. ಎಷ್ಟೋ ದಿನಕ್ಕೆ ಒಂದು ಒಳ್ಳೆಯ ಚಿತ್ರ ಸಿಕ್ಕಿತೆಂದು ಕುಣಿಯುವಷ್ಟು ಖುಷಿಯಾಯಿತು.

ಮುಳ್ಳು ಬಂತು, ಆಕೆ ತಲೆ ಎತ್ತಿದರು, ನಾನು ಸಿಕ್ಕಿಬಿದ್ದೆ.

"ಫೋಟೋನಾ? ತೆಗೀರಿ ಸ್ವಾಮಿ, ತೆಗೀರಿ!"

ತೆಗೆದುಹಾಕಿ ಅನ್ನುತ್ತಿದ್ದಾರೆ ಎಂದುಕೊಂಡು ಅವರ ಕಣ್ಣೆದುರೇ ಅಳಿಸಿ ತೋರಿಸಿದೆ. ಆಕೆಯ ಮುಖ ಸಪ್ಪಗಾಯಿತು.

"ಅಯ್ಯೋ, ಯಾಕ್ ಅಳಿಸಿದ್ರಿ? ಹೊಡೀರಿ ಅಂತ ಅಲ್ವಾ ನಾನ್ ಹೇಳಿದ್ದು! ಇವ್ರು ನನ್ ಕಾಲ್ ಹಿಡ್ಕಂಡಿದ್ರು ಅಂದ್ರೆ ನಮ್ ನಾದಿನಿ ನಂಬ್ತಾಳಾ?"

ಹಾಳಾದ್ದು ಒಂದೇ ಪದ! ಮುಳ್ಳನ್ನೂ ತೆಗೆಯಬೇಕು, ಫೋಟೋನೂ ತೆಗೆಯಬೇಕು, ಬೇಡದ್ದನ್ನೂ ತೆಗೆಯಬೇಕು.

ಅಷ್ಟರಲ್ಲಿ ಯಜಮಾನರು ಎದ್ದು ನಿಂತು ಗುಂಡಿ ಹಾಕಿಕೊಂಡಾಗಿತ್ತು.

"ಹಿಂಗೇ ನಿಂತ್ಕತೀನಿ, ಹೊಡೀರಿ. ಕಾಲು ಗೀಲು ಎಲ್ಲಾ ಬ್ಯಾಡ, ಜನ ನೋಡ್ತಾರೆ."

ಮತ್ತೆ ಕಾಲು ಹಿಡಿಯಿರಿ ಎನ್ನಲು ನನ್ನ ಹಟ ಬಿಡಲಿಲ್ಲ, ಕ್ಯಾಮೆರಾ ಕೆಳಗಿಳಿಸಿದೆ. ಬಸ್ಸು ಬಂತು. ಅವರು ಚೀಲ ಎತ್ತಿಕೊಂಡು ಮುಂದೆ ಹೊರಟರು. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಆಕೆ ಇದ್ದಕ್ಕಿದ್ದಂತೆ ಕುಂಟತೊಡಗಿದರು.

"ರೀ, ಇನ್ನೂ ಚುಚ್ತಾ ಐತೆ ಕಣ್ರೀ."

ಚೀಲ ಧೊಪ್ಪನೆ ಕೆಳಗೆ ಬಿತ್ತು.

"ಎಲ್ಲೇ? ಕುಂತ್ಕ, ಕುಂತ್ಕ!"

ಆಕೆ ಬೆಂಚಿನ ಮೇಲೆ ಕೂತರು. ಬಸ್ಸು, ಜನ, ಗುಂಡಿ ಎಲ್ಲ ಮರೆತು ಯಜಮಾನರು ನೆಲದ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಹಿಮ್ಮಡಿ ಹಿಡಿದುಕೊಂಡರು. ಜೇಬಿನಿಂದ ಪಿನ್ನು ಮತ್ತೆ ಹೊರಬಂತು. ಅವರ ನೆತ್ತಿಯ ಮೇಲಿಂದ ಆಕೆ ನನ್ನತ್ತ ನೋಡಿ ತುಟಿಯಂಚಲ್ಲಿ ನಕ್ಕರು.

"ತೆಗೀರಿ," ಅಂದರು.

ನಾವಿಬ್ಬರೂ ತೆಗೆಯಲು ಶುರುಮಾಡಿದೆವು. ನನ್ನದು ಕ್ಷಣದಲ್ಲಿ ಮುಗಿಯಿತು. ಕಂಡಕ್ಟರ್ ಸೀಟಿ ಊದುತ್ತಿದ್ದ. ಯಜಮಾನರು ಮಾತ್ರ ಇಲ್ಲದ ಮುಳ್ಳನ್ನು ಹುಡುಕುತ್ತಲೇ ಇದ್ದರು.