ಮೆಂಬರ್ ಸಾಹೇಬರಿಗೆ ನಾನು ಕೊಟ್ಟ ಕಾಮಣಿ

ಮೆಂಬರ್ ಸಾಹೇಬರ ಬಲಗಿವಿಯ ಮೇಲೆ ಸದಾ ಒಂದು ನೀಲಿ ಪೆನ್ನು ಇರುತ್ತಿತ್ತು. ಬಸ್ ನಿಲ್ದಾಣವಿರಲಿ, ಮದುವೆಯ ಪಂಗತಿಯಿರಲಿ, ಯಾರಾದರೂ ಅರ್ಜಿ ಚಾಚಿದರೆ ಸಾಕು, "ಬಗ್ಗೋ ತಮ್ಮಾ" ಎನ್ನುವರು. ಅವನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕುವರು. ಪೆನ್ನಿನ ಮೊನೆ ಚುಚ್ಚಿ ಅವನು ಮಿಸುಕಿದರೆ, "ತಡಕೋ. ಆಫೀಸಿನವರು ಇದಕ್ಕಿಂತ ಜಾಸ್ತಿ ಚುಚ್ಚತಾರ" ಎನ್ನುವರು.

ಜೇವರ್ಗಿಯ ನಮ್ಮ ಭಾಗದಿಂದ ಅವರು ಎರಡು ಸಲ ಜಿಲ್ಲಾ ಪಂಚಾಯತಿಗೆ ಆರಿಸಿ ಬಂದಿದ್ದರು. ನಾನು ಮ್ಯಾಟ್ರಿಕ್ ಪಾಸಾದವನು. ಅವರ ಪತ್ರ ಬರೆಯುವುದು, ಬಾಗಿಲಲ್ಲಿ ಕೂತು ಬಂದವರನ್ನು ವಿಚಾರಿಸುವುದು ನನ್ನ ಕೆಲಸ. ಅವರ ಜೇಬಿನಲ್ಲಿ ಹುರಿದ ಶೇಂಗಾ ಇರುತ್ತಿತ್ತು. ಜಗಳಕ್ಕೆ ಬಂದವನ ಅಂಗೈಗೆ ಮೊದಲು ಅದನ್ನು ಸುರಿಯುವರು. "ನಾಕ ಕಾಳ ಬಾಯಾಗ ಹಾಕ್ಕೋ. ಬಾಯಿ ತುಂಬಿದ್ರ ಬೈಯಾಕ ಬರಂಗಿಲ್ಲ." ಯಾರ ಮನೆಯಲ್ಲಿ ಸಾವಾದರೂ ಮಣ್ಣಿಗೆ ಹೋಗದೆ ಬಿಟ್ಟವರಲ್ಲ. ನಮ್ಮ ಮಂದಿ ರಸ್ತೆ ಮಾಡಿಸದ ಮೆಂಬರನನ್ನು ಕ್ಷಮಿಸುತ್ತಾರೆ, ಮಣ್ಣಿಗೆ ಬರದವನನ್ನು ಕ್ಷಮಿಸುವುದಿಲ್ಲ.

ಎರಡನೇ ಅವಧಿಯ ಒಂದು ಬೇಸಿಗೆಯಲ್ಲಿ ಅವರು ಕೆಟ್ಟ ಗಡಿಯಾರದ ಹಾಗೆ ನಿಂತುಬಿಟ್ಟರು. ಬೆಳಿಗ್ಗೆ ಹಾಸಿಗೆಯಿಂದ ಏಳಲಾರರು. ಎದ್ದರೆ ಮಾತಿಲ್ಲ. ಒಬ್ಬ ವಿಧವೆಯ ಪಿಂಚಣಿ ಪತ್ರ ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೂ ಕೂತಿದ್ದು, "ಸಹಿ ಎಲ್ಲಿ ಹಾಕಬೇಕೋ?" ಎಂದು ನನ್ನನ್ನೇ ಕೇಳಿದರು. ಸೊಲ್ಲಾಪುರಕ್ಕೆ ಕರೆದೊಯ್ದೆವು. ಡಾಕ್ಟರು ಖಿನ್ನತೆ ಎಂದರು, ಗುಳಿಗೆ ಬರೆದರು, ಕೆಲವು ತಿಂಗಳು ವಿಶ್ರಾಂತಿ ಬೇಕೆಂದರು. ಬರುವಾಗ ಜೀಪಿನಲ್ಲಿ ಎಷ್ಟೋ ದಿನದ ಮೇಲೆ ಅವರ ಬಾಯಿಂದ ಒಂದು ಪೂರಾ ಮಾತು ಬಂತು. "ನೋಡು, ಇದಕ್ಕೊಂದು ಹೆಸರ ಅದ. ನಾ ಮೈಗಳ್ಳ ಅಲ್ಲ."

ಆ ಹೆಸರನ್ನು ಊರಿಗೆ ಹೇಳುವುದು ಹೇಗೆ? ಹೇಳಿದರೆ ಸಂಜೆಯೊಳಗೆ ಮೆಂಬರಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅಡುಗೆಮನೆಯಲ್ಲಿ ಕೂತು ನಾನು ಮತ್ತು ಅವರ ಹೆಂಡತಿ ಬೇರೆ ರೋಗ ಹುಡುಕಿದೆವು.

"ಹಾರ್ಟ್ ಅನ್ನೂಣೇನ್ರಿ ವೈನಿ?"

"ಬ್ಯಾಡಪ್ಪಾ, ಮುಂದ ಟಿಕೆಟ್ ಕೊಡಂಗಿಲ್ಲ."

"ಸಕ್ಕರಿ ಬ್ಯಾನಿ?"

"ಅದು ಮನಿಗಿಬ್ಬರಿಗೆ ಅದ. ಅದಕ್ಯಾರು ರಜಾ ಕೊಡತಾರ?"

"ಹಂಗಾರ ಕಾಮಣಿ" ಎಂದೆ. ಕಾಮಾಲೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಪಥ್ಯವಿರುವ ರೋಗ, ಬಿಸಿಲಿಗೆ ಹೋಗುವಂತಿಲ್ಲ, ಮದುವೆಯ ಊಟ ಮಾಡುವಂತಿಲ್ಲ. ವೈನಿ ಕಣ್ಣೊರೆಸಿಕೊಂಡು, "ಹಾಂ, ಕಾಮಣಿ ಛಲೋ ಅದ" ಎಂದರು. ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ ಆರಿಸಿದೆವು.

ಮಂದಿ ಕೂಡಲೇ ನಂಬಿದರು. ನಂಬಿ ಸುಮ್ಮನಿದ್ದರೆ ನಮ್ಮ ಮಂದಿ ಹೇಗಾದಾರು? ಇಜೇರಿಯಿಂದ ನೆಲನೆಲ್ಲಿ ರಸ ಬಂತು. ಅಫಜಲಪುರದಿಂದ ಔಡಲ ಎಲೆಯ ರಸ ಬಂತು. ತಂದವರೆಲ್ಲ ತಮ್ಮ ಕಣ್ಣೆದುರೇ ಕುಡಿಯಬೇಕೆಂದು ಹಟ ಹಿಡಿದರು. ಒಬ್ಬ ಅವರ ರೆಪ್ಪೆ ಎಳೆದು ನೋಡಿ, "ಕಣ್ಣು ಬೆಳ್ಳಗ ಅವಲ್ಲೋ?" ಎಂದ. "ಅದು ಒಳಗಿನ ಕಾಮಣಿ" ಎಂದೆ ನಾನು. ಅದನ್ನೂ ನಂಬಿದ.

ಕೊನೆಗೆ ಖಜೂರಿಯಿಂದ ಲಾರಿ ಹತ್ತಿ ಒಬ್ಬ ಅಜ್ಜ ಬಂದ. ಕಾಮಣಿಗೆ ಕಾದ ಕಂಬಿಯಿಂದ ಮೊಳಕೈ ಹತ್ತಿರ ಚುಟಿಗೆ ಹಾಕುವುದರಲ್ಲಿ ಅವನದು ದೊಡ್ಡ ಹೆಸರು. ಬೇಡವೆಂದರೆ ಊರೇ ಬಾಗಿಲಲ್ಲಿ ನಿಂತಿದೆ. ಸಾಹೇಬರು ಕೈ ಚಾಚಿದರು. ನಾನು ಅವರ ಹೆಗಲು ಹಿಡಿದಿದ್ದೆ. ಕಂಬಿ ತಗುಲಿದಾಗ ಚರ್ಮ ಸುಟ್ಟ ವಾಸನೆ ಬಂತು. ಆ ಹೆಗಲು ಅಲುಗಲಿಲ್ಲ. ಎಲ್ಲರೂ ಹೋದ ಮೇಲೆ ಹೇಳಿದರು: "ದೇವರು ಒಂದು ಬ್ಯಾನಿ ಕೊಟ್ಟ, ನೀ ಇನ್ನೊಂದು ಕೊಟ್ಟಿ. ದೇವರು ಕೊಟ್ಟದ್ದಕ್ಕ ಗುಳಗಿ ಅದ."

ಗುಳಿಗೆ ಕೆಲಸ ಮಾಡಿತು. ಮಳೆಗಾಲ ಮುಗಿಯುವಷ್ಟರಲ್ಲಿ ಪೆನ್ನು ಮತ್ತೆ ಕಿವಿಗೇರಿತು. ಅಂದೋಲಾದಲ್ಲಿ ಶಾಲೆಯ ಹೊಸ ಕೋಣೆ ಉದ್ಘಾಟನೆ ಇತ್ತು. ಮೈಕಿನ ಮುಂದೆ ನಿಂತ ಸಾಹೇಬರು ನನಗೆ ಮುಂಚೆ ಒಂದು ಮಾತೂ ತಿಳಿಸದೆ ಅಂಗಿಯ ತೋಳು ಮಡಚಿ ಬರೆ ತೋರಿಸಿದರು.

"ಇದು ಇಲ್ಲದ ಬ್ಯಾನಿಗೆ ಹಾಕಿದ್ದು. ನನಗ ಕಾಮಣಿ ಆಗಿದ್ದಿಲ್ಲ. ಮನಸ್ಸಿಗೆ ಬ್ಯಾನಿ ಆಗಿತ್ತು. ಬದುಕೇ ಬ್ಯಾಡ ಅನಸ್ತಿತ್ತು. ಗುಳಗಿ ತಗೊಂಡೆ, ಆರಾಮ ಆದೆ. ನಿಮ್ಮ ಮನ್ಯಾಗ ಯಾರಿಗರ ಹಿಂಗ ಆಗಿದ್ರ ಮುಚ್ಚಿಡಬ್ಯಾಡ್ರಿ."

ಗುಂಪಿನ ಹಿಂದಿನಿಂದ ಒಬ್ಬ, "ಹುಚ್ಚಗ ವೋಟ್ ಹಾಕೀವೇನ್ರಲೇ?" ಎಂದ. ಅದೇ ಹೊತ್ತಿಗೆ ಹೆಂಗಸರ ನಡುವಿನಿಂದ ಒಬ್ಬಾಕೆ ಎದ್ದು ನಿಂತಳು. ಹಸಿರು ಸೀರೆ, ನಡುವಯಸ್ಸು. "ಸಾಹೇಬ್ರ, ಯಾವ ದವಾಖಾನಿಗಿ ಹೋಗಿದ್ರಿ?"

ಸಾಹೇಬರು ಬಾಯಿ ತೆರೆಯುವ ಮೊದಲೇ ನಾನು ಮೈಕು ಕಸಿದುಕೊಂಡೆ. ಇದನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. "ಸಾಹೇಬ್ರು ನಗಸಾಕ ಚಾಷ್ಟಿ ಮಾಡ್ಯಾರ್ರಿ! ಕಾಮಣಿ ಇಳೀತು, ಹಳದಿ ಅಷ್ಟ ತಲಿಗೇರ್ಯದ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಸೆರಗು ಮುಖದ ಮೇಲೆಳೆದುಕೊಂಡು ಕೂತಳು.

ಜೀಪಿನಲ್ಲಿ ನಾನು, ನಿಮ್ಮ ಮರ್ಯಾದೆ ಉಳಿಸಿದೆ ಎಂದೇನೋ ಶುರು ಮಾಡಿದೆ. ಅವರು ನಡುವೆಯೇ ತಡೆದರು. "ಮಂದಿ ನಕ್ಕದ್ದು ಬಿಡು. ಆಕಿ ಎದ್ದು ನಿಂತಿದ್ದಳಲ್ಲೋ. ನೀ ಕೂಡಿಸಿದಿ." ಸ್ವಲ್ಪ ದೂರ ಹೋದ ಮೇಲೆ, "ನಾ ಹೋದ್ರ ಊರ ಕೂಡತದ, ಆಕಿ ಬಾಯಿ ಬಿಡಂಗಿಲ್ಲ. ನೀ ಹೋಗಿ ಹುಡುಕು. ಡಾಕ್ಟರ ಹೆಸರು ಬರಕೊಟ್ಟು ಬಾ" ಎಂದರು.

ಹೋದೆ. ಅಂದೋಲಾದ ಹೋಟೆಲಿನಲ್ಲಿ ಚಹಾ ಕುಡಿದು, ಯಾರನ್ನೂ ಕೇಳದೆ ಮರಳಿ ಬಂದೆ. ಸಿಗಲಿಲ್ಲ ಎಂದು ಹೇಳಿದೆ. ಹುಡುಕಿದರೆ ಕಾಮಣಿಯ ಸುಳ್ಳು ಬಯಲಾಗುತ್ತದೆ ಎಂಬ ಭಯ. ಅವರ ಮಾನಕ್ಕಿಂತ ಹೆಚ್ಚಾಗಿ, ಬಾಗಿಲಲ್ಲಿ ಕೂತ ನನ್ನ ಮಾನದ ಭಯ.

ಕೆಲವು ವರ್ಷಗಳಲ್ಲಿ ಅವರ ಮೂತ್ರಪಿಂಡಗಳು ಕೈಕೊಟ್ಟವು. ಆಗ ನೋಡಬೇಕಿತ್ತು ನಮ್ಮ ಮಂದಿಯನ್ನು. ಅಭಿಷೇಕವೇನು, ಗುಡಿಯ ಸುತ್ತ ದೀಡ ನಮಸ್ಕಾರವೇನು, ದರ್ಗಾಕ್ಕೆ ಚಾದರವೇನು! ಆಳಂದದವರೆಗೆ ಪಾದಯಾತ್ರೆ ಹೋದರು. ಮೂತ್ರಪಿಂಡ ಕೆಟ್ಟರೆ ಹರಕೆ ಹೊರುವವರಿಗೆ ಮನಸ್ಸು ಕೆಟ್ಟರೆ ನಗು ಯಾಕೆ ಬರುತ್ತದೆ? ಎರಡೂ ಅದೇ ದೇಹದೊಳಗೆ ಇರುವುದಲ್ಲವೇ? ಇದನ್ನು ನನ್ನನ್ನೇ ಕೇಳಿಕೊಂಡು ಸಾಕಾಗಿದೆ. ನಗುವನ್ನು ಶುರು ಮಾಡಿದವನು ನಾನೇ ಆಗಿರುವಾಗ ಯಾವ ಬಾಯಿಂದ ಬೈಯಲಿ? ಹರಕೆ ಹೊತ್ತವರು ಅರ್ಜಿಯನ್ನೂ ಬಿಡಲಿಲ್ಲ. ಕಲಬುರ್ಗಿಯ ಆಸ್ಪತ್ರೆಯಲ್ಲಿ ರಕ್ತ ಶುದ್ಧಿಯ ಯಂತ್ರಕ್ಕೆ ಕೈ ಕಟ್ಟಿಸಿಕೊಂಡು ಮಲಗಿದ್ದಾಗ ಒಬ್ಬ ಬೋರ್‌ವೆಲ್ಲಿನ ಪತ್ರ ಹಿಡಿದು ಒಳಗೆ ಬಂದ. "ಸಾಹೇಬ್ರ, ಇನ್ನೊಂದು ಕೈ ಖಾಲಿ ಅದಲ್ರಿ" ಎಂದ. ಸಾಹೇಬರು ನಕ್ಕು ಎಡಗೈಯಲ್ಲಿ ಸಹಿ ಹಾಕಿಕೊಟ್ಟರು.

ಕೊನೆಯ ವಾರ ನನ್ನನ್ನು ಹತ್ತಿರ ಕರೆದರು. "ಆ ಅಂದೋಲಾದಾಕಿ ಸಿಕ್ಕಳೇನೋ?"

ಸಾಯುವ ಮನುಷ್ಯನಿಗೆ ಏನು ಹೇಳಲಿ? "ಸಿಕ್ಕಾಳ್ರಿ. ಆಕಿ ಗಂಡಗ ಆಗಿತ್ತಂತ. ಸೊಲ್ಲಾಪುರಕ್ಕ ಹೋಗಿ ಬಂದಾರ. ಈಗ ಆರಾಮ ಅದಾನ, ಹೊಲಕ್ಕ ಹೊಂಟಾನ."

ಅವರ ಮುಖ ಅರಳಿತು. ಸೂಜಿ ಇದ್ದ ಕೈಯನ್ನೂ ಮೆಲ್ಲಗೆ ಎತ್ತಿ, ಎರಡೂ ಕೈ ಜೋಡಿಸಿ ನನಗೆ ಮುಗಿದರು. "ಛಲೋ ಮಾಡಿದಿ ತಮ್ಮಾ."

ಮಣ್ಣಿಗೆ ಮೂರು ತಾಲೂಕಿನ ಜನ ಸೇರಿದ್ದರು. ಸದಾ ನಗುತ್ತಿದ್ದ ನಾಯಕ, ಚಿಂತೆ ಎಂದರೇನೆಂದು ಅರಿಯದವರು ಎಂದು ಒಬ್ಬರಾದ ಮೇಲೆ ಒಬ್ಬರು ಹೊಗಳಿದರು. ನನಗೂ ಮೈಕು ಕೊಟ್ಟರು. ನಾನೂ ಅದನ್ನೇ ಹೇಳಿ ಇಳಿದೆ.

ಆ ಮುಗಿದ ಕೈ ಎಷ್ಟೋ ವರ್ಷ ನನ್ನನ್ನು ಮಲಗಗೊಡಲಿಲ್ಲ. ಕಳೆದ ತಿಂಗಳು ಅಂದೋಲಾಕ್ಕೆ ಹೋದೆ. ಮನೆ ಮನೆ ಕೇಳುತ್ತ ಬಂದೆ. ಒಂದು ಬಾಗಿಲಲ್ಲಿ ಒಬ್ಬ ಮುದುಕಿ, "ಹಸರ ಸೀರಿ ಉಟ್ಟಾಕಿ ಅಂದ್ರ ಹ್ಯಾಂಗೋ ಯಪ್ಪಾ? ಆಕಿ ನಿನಗ್ಯಾಕ ಬೇಕಾಗ್ಯಾಳ?" ಎಂದಳು. ಎದುರಿನ ಕಟ್ಟೆಯ ಗಂಡಸರು ಮಾತು ನಿಲ್ಲಿಸಿ ನನ್ನತ್ತ ನೋಡಿದರು.

"ನಮ್ಮ ಮೆಂಬರ್ ಸಾಹೇಬ್ರಿಗೆ ಆಗಿದ್ದು ಕಾಮಣಿ ಅಲ್ಲವ್ವಾ" ಎಂದೆ, ಕಟ್ಟೆಗೆ ಕೇಳುವ ಹಾಗೆ. "ಮನಸ್ಸಿನ ಬ್ಯಾನಿ. ಅವರು ಖರೇನ ಹೇಳಿದ್ರು. ಚಾಷ್ಟಿ ಮಾಡಿದಾಂವ ನಾ."

"ಮುದುಕಗ ಬಿಸಲು ಬಡದದ, ನೀರ ಕೊಡ್ರಿ" ಎಂದು ಕಟ್ಟೆಯಿಂದ ಒಬ್ಬ ಕೂಗಿದ. ನಕ್ಕರು. ನಾನು ನೀರು ಕುಡಿದು, ಪಕ್ಕದ ಮನೆಯ ಬಾಗಿಲು ಬಡಿದೆ.